ಜಾಮೀನಿಗೆ ನಿಂತ ಮುಪ್ಪು

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಅನಂತಶಯನ ಮಲಗಿದ್ದಾನೆ. ಅವನಿಗೆಂದು ಎಬ್ಬಿಸಿದ ಗುಡಿ ಮಾತ್ರ ಹೊಸಪೇಟೆಯ ಮಗ್ಗುಲಲ್ಲಿದೆ. 1524ರ ಸುಮಾರಿಗೆ ಕೃಷ್ಣದೇವರಾಯ ಮಗನ ಹೆಸರಿನಲ್ಲಿ ಒಂದು ಊರು ನಿಲ್ಲಿಸಿ, ಅಷ್ಟೆತ್ತರದ ಗುಡಿ ಕಟ್ಟಿಸಿದ. ಮೂರ್ತಿ ಹೊಳಲಿನಿಂದ ಒಂದು ಹೆಜ್ಜೆಯೂ ಮುಂದೆ ಸರಿಯಲಿಲ್ಲ ಎಂಬುದು ಈ ಸೀಮೆಯ ಕಥೆ. ಗುಡಿ ಇವತ್ತಿಗೂ ಖಾಲಿ, ಆ ಊರಿಗೆ ಅನಂತಶಯನಗುಡಿ ಎಂಬ ಹೆಸರಷ್ಟೇ ಉಳಿದಿದೆ. ಕಥೆ ನಿಜವೋ ಸುಳ್ಳೋ, ರೈತರ ಹೆಸರಿನಲ್ಲಿ ನಾವು ಕಟ್ಟಿದ ಸಂಸ್ಥೆಗಳ ಪಾಡಿಗೆ ಇದಕ್ಕಿಂತ ಒಪ್ಪುವ ಚಿತ್ರ ಸಿಗುವುದು ಕಷ್ಟ. ಕಾಯ್ದೆ, ಕಟ್ಟಡ, ಕಂಪ್ಯೂಟರು, ಫಲಕ ಎಲ್ಲವೂ ಪಟ್ಟಣದಿಂದ ಬಂದವು. ಅವುಗಳ ಒಳಗೆ ಕೂರಬೇಕಾದ ನಂಬಿಕೆಯನ್ನು ಮಾತ್ರ ಪಟ್ಟಣದಿಂದ ಸಾಗಿಸಲು ಬರುವುದಿಲ್ಲ. ಅದು ಹಳ್ಳಿಯಲ್ಲೇ ಹುಟ್ಟಬೇಕು. ಹೆಚ್ಚಾಗಿ ಅದು ಹುಟ್ಟುವುದು ಒಂದೇ ಊರಿನ ಮಣ್ಣಿನಲ್ಲಿ ಐವತ್ತು ಅರವತ್ತು ಮಳೆಗಾಲ ಕಂಡವರ ಬಳಿ. ಊರಿನ ಉಸಾಬರಿ ಹೊತ್ತ ರೈತನೊಬ್ಬನ ಕಡೆಗಾಲವನ್ನು ನಾವು ‘ಇನ್ನೇನು, ಕಟ್ಟೆಯ ಮೇಲೆ ಕೂತು ಕಾಲ ಕಳೆಯುವ ಹೊತ್ತು’ ಎಂದು ಎಣಿಸುತ್ತೇವೆ. ಆ ಎಣಿಕೆ ತಪ್ಪು. ಅದು ಅವನ ಬಂಡವಾಳ ಮಾಗುವ ಹೊತ್ತು.

ಹೊಳಲಿನ ಕಡೆಯಿಂದ ತುಂಗಭದ್ರೆ ದಾಟಿ ಉತ್ತರಕ್ಕೆ ಹೋದರೆ ಮುಂಡರಗಿ, ಅದರಾಚೆ ಗದಗ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಒಂದು ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. ಕಟ್ಟಿದವರು ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲ. ಕರ್ನಾಟಕದ ಸಹಕಾರಿಗಳು ಅವರನ್ನು ಪಿತಾಮಹ ಎನ್ನುತ್ತಾರೆ; ನವೆಂಬರ್ 14ರಿಂದ 20ರವರೆಗಿನ ಸಹಕಾರ ಸಪ್ತಾಹದಲ್ಲಿ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಆದರೆ ಭಾಷಣಗಳಲ್ಲಿ ತಪ್ಪಿಹೋಗುವ ಒಂದು ಸಣ್ಣ ಲೆಕ್ಕ ಇದೆ. ಶಿದ್ದನಗೌಡರು ಹುಟ್ಟಿದ್ದು 1843ರಲ್ಲಿ. ಅಂದರೆ ಸಂಘ ಕಟ್ಟಿದಾಗ ಅವರಿಗೆ ಅರವತ್ತೆರಡು. ಅರವತ್ತಕ್ಕೆ ಅರಳು ಮರಳು ಎನ್ನುವ ಗಾದೆ ಇರುವ ನಾಡಿನಲ್ಲಿ, ಸರಾಸರಿ ಆಯುಸ್ಸು ಮೂವತ್ತನ್ನೂ ಮುಟ್ಟದ ಕಾಲದಲ್ಲಿ, ಅರವತ್ತೆರಡರ ಒಬ್ಬ ರೈತರು ಸರ್ಕಾರದ ಹೊಸ ಕಾಯ್ದೆಯೊಂದನ್ನು ನಂಬಿ ಊರನ್ನು ಕೂಡಿಸಿದರು. ಆಮೇಲೆ ಇಪ್ಪತ್ತೆಂಟು ವರ್ಷ ಬದುಕಿ, 1933ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಇತಿಹಾಸದಲ್ಲಿ ಉಳಿದಿರುವುದು ಬದುಕಿನ ಮೊದಲ ಅರವತ್ತು ವರ್ಷಗಳಿಂದಲ್ಲ, ಕೊನೆಯ ಮೂವತ್ತರಿಂದ.

ಇದು ಕಾಕತಾಳೀಯ ಎಂದು ತಳ್ಳಿಹಾಕಬಹುದು. 1904ಕ್ಕಿಂತ ಮುಂಚೆ ಸಹಕಾರದ ಕಾಯ್ದೆಯೇ ಇರಲಿಲ್ಲ, ಕಾಯ್ದೆ ಬಂದಾಗ ಅವರಿಗೆ ವಯಸ್ಸಾಗಿತ್ತು, ಅಷ್ಟೇ ತಾನೆ? ಅಷ್ಟೇ ಅಲ್ಲ. 1876ರ ಧಾತು ಸಂವತ್ಸರದ ಬರ ಬಿದ್ದಾಗ ಶಿದ್ದನಗೌಡರಿಗೆ ಮೂವತ್ಮೂರು. ಬಳ್ಳಾರಿ, ಧಾರವಾಡ ಎರಡೂ ಜಿಲ್ಲೆಗಳನ್ನು ಆ ಬರ ಬಗೆದು ಹಾಕಿತು. ಊರಿಗೆ ಊರೇ ಖಾಲಿಯಾದ ಕಥೆಗಳು ನದಿಯ ಎರಡೂ ದಂಡೆಯಲ್ಲಿವೆ. ಆ ಬಳಿಕ 1880ರ ದಶಕದಲ್ಲಿ ಗದಗಕ್ಕೆ ರೈಲು ಬಂತು, ಕರಿನೆಲದ ಹತ್ತಿಗೆ ದೂರದ ಪೇಟೆ ಸಿಕ್ಕಿತು, ಜೊತೆಗೇ ಸಾವಕಾರನ ಕಡತವೂ ದಪ್ಪವಾಯಿತು. ಮತ್ತೆ 1896-97ರಲ್ಲಿ, 1899-1900ರಲ್ಲಿ ಬರ. ಆಗ ಗೌಡರಿಗೆ ಐವತ್ತು ದಾಟಿತ್ತು. ಎತ್ತು ಸತ್ತ ಮನೆ ಯಾವುದು, ಬೀಜದ ಜೋಳವನ್ನೂ ಬೇಯಿಸಿ ಉಂಡ ಮನೆ ಯಾವುದು, ಊರು ಬಿಟ್ಟು ಹೋದವರಲ್ಲಿ ಯಾರು ಮರಳಿ ಬಂದು ಹಳೆಯ ಸಾಲ ನೆನೆದು ತೀರಿಸಿದರು, ಯಾರು ಕಣ್ಣು ತಪ್ಪಿಸಿ ಓಡಾಡಿದರು ಎಂಬುದನ್ನು ಮೂರು ಬರಗಳ ಉದ್ದಕ್ಕೂ ಅದೇ ಊರಿನಲ್ಲಿ ನಿಂತು ನೋಡಿದವರಿಗೆ ಮಾತ್ರ ಗೊತ್ತು. ಇಪ್ಪತ್ತೈದರ ಚುರುಕು ಹುಡುಗ ಕಾಯ್ದೆಯ ಇಂಗ್ಲಿಷನ್ನು ಗೌಡರಿಗಿಂತ ಚೆನ್ನಾಗಿ ಓದಿಯಾನು. ಈ ನೆನಪಿನ ಕಡತವನ್ನು ಓದಲು ಅವನಿಗೆ ಇನ್ನೂ ಮೂವತ್ತು ವರ್ಷ ಬೇಕು.

ಆ ಕಾಯ್ದೆ ಕೇಳುತ್ತಿದ್ದದ್ದೂ ಇದೇ ಕಡತವನ್ನು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಪ್ರಕಾರ ಹದಿನೆಂಟು ದಾಟಿದ ಹತ್ತು ಮಂದಿ ಒಂದೇ ಊರಿನವರು ಕೂಡಿದರೆ ಸಂಘ ಕಟ್ಟಬಹುದಿತ್ತು. ಗ್ರಾಮೀಣ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಬೇಸಾಯದವರೇ ಇರಬೇಕು. ಬಂದ ಲಾಭ ಹಂಚಿಕೊಳ್ಳುವಂತಿಲ್ಲ, ಅದು ಮೀಸಲು ನಿಧಿಗೆ ಸೇರಬೇಕು. ಎಲ್ಲಕ್ಕಿಂತ ಮೇಲೆ, ಹೊಣೆಗೆ ಮಿತಿಯಿಲ್ಲ: ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲಮನೆಯೂ ಅದಕ್ಕೆ ಬಾಧ್ಯ. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಎಂಬ ಊರಾಡಳಿತಗಾರ ಹತ್ತೊಂಬತ್ತನೇ ಶತಮಾನದಲ್ಲಿ ರೂಢಿಗೆ ತಂದ ಈ ಪದ್ಧತಿಯನ್ನು ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದ ತನ್ನ ವರದಿಯಲ್ಲಿ ಹೊಗಳಿದ್ದ. ಈಗ ಆ ಹತ್ತು ಮಂದಿಯ ಸ್ಥಾನದಲ್ಲಿ ನಿಂತು ನೋಡಬೇಕು. ಮೃಗಶಿರ ಮಳೆ ಬಿದ್ದಿದೆ, ಹದ ಆರುವುದರೊಳಗೆ ಕೂರಿಗೆ ಹೂಡಬೇಕು, ಒಬ್ಬ ರೈತ ಬೀಜಕ್ಕೂ ಒಂಟೆತ್ತಿಗೆ ಜೋಡಿ ತರುವುದಕ್ಕೂ ಸಾಲ ಕೇಳುತ್ತಾನೆ. ಅವನ ಹೊಲ ಎಷ್ಟೆಂಬುದು ಕುಲಕರ್ಣಿಯವರ ಪುಸ್ತಕದಲ್ಲಿ ಬರೆದಿದೆ. ಆದರೆ ಅವನು ತರುವುದು ಎತ್ತನ್ನೇ ಅಥವಾ ಆ ದುಡ್ಡು ಮಗಳ ಮದುವೆಯ ಹಳೆಯ ಸಾಲಕ್ಕೆ ಹೋಗುತ್ತದೆಯೇ? ಅವನ ಜಾಮೀನುದಾರ ನಿಜಕ್ಕೂ ಒಪ್ಪಿ ಬಂದವನೇ, ಬೀಗತನದ ದಾಕ್ಷಿಣ್ಯಕ್ಕೆ ಹೆಬ್ಬೆಟ್ಟು ಒತ್ತುವವನೇ? ಕೊಡದಿದ್ದರೆ ಅವನು ಹೋಗುವುದು ಯಾವ ಸಾವಕಾರನ ಬಾಗಿಲಿಗೆ? ಈ ಪ್ರಶ್ನೆಗಳಿಗೆ ಉತ್ತರ ಇದ್ದದ್ದು ಎರಡೇ ಕಡೆ. ಒಂದು ಸಾವಕಾರನ ತಲೆಯಲ್ಲಿ, ಇನ್ನೊಂದು ಊರಿನ ಹಿರಿಯರ ತಲೆಯಲ್ಲಿ. ಸಾವಕಾರ ಆ ತಿಳಿವಳಿಕೆಗೆ ಬಡ್ಡಿ ಹಾಕುತ್ತಿದ್ದ. ಕಣಗಿನಹಾಳದಂಥ ಸಂಘಗಳು ಅದೇ ತಿಳಿವಳಿಕೆಯನ್ನು ಬಡ್ಡಿಯಿಲ್ಲದೆ ಊರಿನ ಸ್ವತ್ತು ಮಾಡಿದವು. ಮಿತಿಯಿಲ್ಲದ ಹೊಣೆಯ ಕಾಗದಕ್ಕೆ ನೆರೆಯವರು ರುಜು ಹಾಕಬೇಕಾದರೆ, ಮೊದಲ ರುಜು ಕಳೆದುಕೊಳ್ಳಲು ಹೊಲವೂ ಮಾನವೂ ಎರಡೂ ಇರುವವರದಾಗಿರಬೇಕು. ಹೊಲ ಪಿತ್ರಾರ್ಜಿತವಾಗಿ ಬರಬಹುದು. ಆ ಬಗೆಯ ಮಾನ ಬರುವುದು ವಯಸ್ಸಿನಿಂದ.

ಕಣಗಿನಹಾಳವೇ ಮೊದಲನೆಯದೇ ಎಂಬ ತಕರಾರು ಇಲ್ಲಿ ಏಳುತ್ತದೆ. ತಮಿಳುನಾಡಿನವರು ತಿರೂರಿನ ಸಂಘ 1904ರಲ್ಲೇ ನೋಂದಣಿಯಾಯಿತು ಎನ್ನುತ್ತಾರೆ. ನಮ್ಮ ಕಡೆಯ ಫಲಕಗಳು ಕಣಗಿನಹಾಳವನ್ನು ಏಷ್ಯಾದ ಮೊದಲ ಸಂಘ ಎನ್ನುತ್ತವೆ. ಜಪಾನಿನವರನ್ನೂ ಒಮ್ಮೆ ಕೇಳಿ ಬರೆಸಿದ್ದರೆ ಚೆನ್ನಾಗಿತ್ತು. ಈ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಗದಗ ಸೀಮೆಯಲ್ಲಿ ಅದು ಒಂಟಿಯಾಗಿ ನಿಲ್ಲಲಿಲ್ಲ ಎಂಬುದು ಮುಖ್ಯ. ಒಂದೂವರೆ ದಶಕದೊಳಗೆ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟದ ಸಹಕಾರ ಸಂಘಗಳು ತಲೆಯೆತ್ತಿದವು. ಬಿತ್ತುವ ಸಾಲದಿಂದ ಹಿಡಿದು ಬೆಳೆದ ಹತ್ತಿ ತೂಗುವ ತಕ್ಕಡಿಯವರೆಗೆ ಸಹಕಾರ ಹಬ್ಬಿತು. ಹುಲಕೋಟಿಯ ಸಹಕಾರ ಧುರೀಣ ಕೆ.ಎಚ್. ಪಾಟೀಲರವರೆಗೆ ಒಂದು ಪರಂಪರೆ ಅಲ್ಲಿ ಬೆಳೆಯಿತು. ಹೊಳೆಯ ಈಚೆ ದಂಡೆ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಆಚೆ ದಂಡೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಅದೇ ಮಾತು, ಅದೇ ಜೋಳದ ರೊಟ್ಟಿ, ಮೈಲಾರದ ಅದೇ ಜಾತ್ರೆ. ಆದರೆ ಅರ್ಜಿ ಹೋಗಬೇಕಾದದ್ದು ಬೇರೆ ಬೇರೆ ರಾಜಧಾನಿಗೆ. ನಿಕಲ್ಸನ್ ವರದಿ ಬರೆದದ್ದು ಈಚೆ ದಂಡೆಯ ಸರ್ಕಾರಕ್ಕೆ, ಅದು ಕೂಡಲೇ ಕೈಗೆತ್ತಿಕೊಳ್ಳಲಿಲ್ಲ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ, 1956ರಲ್ಲಿ ಎರಡೂ ದಂಡೆ ಒಂದೇ ರಾಜ್ಯವಾಗುವ ಹೊತ್ತಿಗೆ ಸಹಕಾರ ಚಳವಳಿಯ ಸ್ವರೂಪವೇ ಬದಲಾಗಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದನ್ನು ಜಾರಿಸಿ ಹೋಗುವಂತಿಲ್ಲ. ಶಿದ್ದನಗೌಡರು ಬರೀ ರೈತರಲ್ಲ, ಪಾಟೀಲರು. ಊರಗೌಡನ ಮಾತಿಗೆ ಜನ ತಲೆಯಾಡಿಸಿದ್ದು ಗೌರವದಿಂದಲೋ, ಅಂಜಿಕೆಯಿಂದಲೋ? ಹೊಲವಿಲ್ಲದ ಕೂಲಿಯವರು, ಊರ ಹೊರಗಿನ ಕೇರಿಯವರು ಆ ಹತ್ತು ಮಂದಿಯಲ್ಲಿ ಸೇರಲು ಸಾಧ್ಯವಿತ್ತೇ? ಒಬ್ಬರ ಸಾಲಕ್ಕೆ ಎಲ್ಲರ ಹೊಲ ಬಾಧ್ಯ ಎಂಬ ನಿಯಮವೇ ಹೊಲವಿಲ್ಲದವರನ್ನು ಬಾಗಿಲಲ್ಲಿ ನಿಲ್ಲಿಸುತ್ತಿತ್ತು. ಅವರಿಗೆ ಜಾಮೀನು ನಿಲ್ಲುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಇದನ್ನು ಒಪ್ಪಬೇಕು. ಹಿರಿಯರ ತಿಳಿವಳಿಕೆ ಎಂದಾಗ ಅದರೊಳಗೆ ಹಿರಿಯರ ಕುರುಡೂ ಸೇರಿರುತ್ತದೆ: ಯಾವ ಕೇರಿಯ ಬಾವಿ ಬತ್ತಿದೆ ಎಂಬುದು ಅವರಿಗೆ ಕಾಣದೇ ಇರಬಹುದು. ಆದರೆ ಇಲ್ಲಿ ಎರಡು ಮಾತು ಬೇರೆ ಮಾಡಿ ನೋಡಬೇಕು. ಗೌಡಿಕೆಯ ಜೋರು ಕಾಯ್ದೆ ಇರಲಿ ಬಿಡಲಿ ನಡೆಯುತ್ತಲೇ ಇತ್ತು. ಅಂಥ ಮನೆತನದವರಿಗೆ ಸ್ವಂತ ಲೇವಾದೇವಿ ನಡೆಸುವುದು ಸಂಘಕ್ಕಿಂತ ಸಲೀಸು, ಲಾಭವೂ ಹೆಚ್ಚು. ಲಾಭ ಹಂಚಲು ಬಾರದ, ಲೆಕ್ಕ ಸರ್ಕಾರಿ ತಪಾಸಣೆಗೆ ಸಿಕ್ಕುವ, ತನ್ನ ಹೊಲವನ್ನೂ ನೆರೆಯವನ ಸಾಲಕ್ಕೆ ಒಡ್ಡಬೇಕಾದ ವ್ಯವಸ್ಥೆಯನ್ನು ಗೌಡನೊಬ್ಬ ಅರವತ್ತೆರಡರಲ್ಲಿ ಆರಿಸಿಕೊಂಡರೆ, ಅದು ಅಧಿಕಾರವನ್ನು ಹಿಗ್ಗಿಸಿಕೊಳ್ಳುವ ದಾರಿಯಲ್ಲ, ಅದಕ್ಕೆ ತಾನೇ ಕಡಿವಾಣ ಹಾಕಿಕೊಳ್ಳುವ ದಾರಿ. ಮುಪ್ಪಿನ ಹೊತ್ತಿನಲ್ಲಿ ಅದು ಸಾಧ್ಯವಾಗುವುದಕ್ಕೂ ಕಾರಣವಿದೆ. ಹೊಲ ಮಕ್ಕಳ ಕೈಗೆ ಹೋಗಿರುತ್ತದೆ, ಗಳಿಸುವ ಹಸಿವು ಇಳಿದಿರುತ್ತದೆ, ಹೆಸರಿನ ಹಸಿವಷ್ಟೇ ಉಳಿದಿರುತ್ತದೆ. ಆ ಹಸಿವನ್ನು ಹೀನಾಯವಾಗಿ ಕಾಣಬೇಕಿಲ್ಲ. ಸಾಲ ಮುಳುಗಿದರೆ ಮೊದಲು ಮುಳುಗುವುದು ಆ ಹೆಸರೇ.

ಹಾಗಿದ್ದರೆ ಸಹಕಾರ ಯಾಕೆ ಸೋತಿತು ಎಂದು ಅಂಕಿಅಂಶ ಬಲ್ಲವರು ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ 1951-52ರಲ್ಲಿ ಲೆಕ್ಕ ತೆಗೆದಾಗ, ರೈತರ ಒಟ್ಟು ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ 3.1. ಅರ್ಧ ಶತಮಾನದ ಚಳವಳಿಗೆ ಇದು ನಾಚಿಕೆಯ ಅಂಕಿ. 1929ರ ಬಳಿಕದ ಮಹಾ ಕುಸಿತದಲ್ಲಿ ಬೆಳೆಯ ಬೆಲೆ ನೆಲಕಚ್ಚಿ, ದೇಶದ ಉದ್ದಗಲಕ್ಕೂ ಸಂಘಗಳ ಸಾಲ ಸುಸ್ತಿ ಬಿದ್ದದ್ದು ಒಂದು ಕಾರಣ. ಊರಿನ ಹಿರಿಯ ಎಷ್ಟೇ ಬಲ್ಲವನಾದರೂ ಹತ್ತಿಯ ದರ ಅವನ ಮಾತು ಕೇಳುವುದಿಲ್ಲ. ಸಂಘದ ಬಂಡವಾಳ ಸಣ್ಣದು, ಊರಿಗೆ ಊರೇ ಒಟ್ಟಿಗೆ ಬರಕ್ಕೆ ಸಿಕ್ಕರೆ ಜಾಮೀನುದಾರನೂ ಸಾಲಗಾರನೂ ಒಂದೇ ದೋಣಿಯಲ್ಲಿ. ಇದು ಹಿರಿತನದ ಮಿತಿ, ನಿಜ. ಆದರೆ ಆ ಸಮೀಕ್ಷೆಯ ನಂತರ ಹಿಡಿದ ಮದ್ದು ರೋಗಕ್ಕಿಂತ ವಿಚಿತ್ರ. ಸರ್ಕಾರ ಪಾಲುದಾರನಾಯಿತು, ಸಂಘಗಳು ಹಿಗ್ಗಿದವು, ಹೊಣೆ ಷೇರಿನ ಮಟ್ಟಿಗೆ ಇಳಿಯಿತು, ದುಡ್ಡು ಮೇಲಿನಿಂದ ಜಿಲ್ಲಾ ಕೇಂದ್ರ ಬ್ಯಾಂಕಿನ ಮೂಲಕ ಹರಿಯತೊಡಗಿತು. ನಮ್ಮ ಸೀಮೆಯ ಆ ಬ್ಯಾಂಕಿನ ಕೇಂದ್ರ ಕಚೇರಿ ಇರುವುದು ಹೊಸಪೇಟೆಯಲ್ಲಿ. ಖಾಲಿ ಗುಡಿಯ ಊರಿನ ಮಗ್ಗುಲಲ್ಲೇ ಎಂಬುದು ಯಾರ ತಪ್ಪೂ ಅಲ್ಲ. ಸಾಲದ ಪ್ರಮಾಣ ಬೆಳೆಯಿತು, ಸಣ್ಣ ರೈತನಿಗೂ ಬಾಗಿಲು ತೆರೆಯಿತು, ಬಡ್ಡಿ ಇಳಿಯಿತು. 2023ರ ಬಜೆಟ್ಟಿನಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಇವೆಲ್ಲ ಒಳ್ಳೆಯದೇ. ಹೋದದ್ದು ಒಂದೇ: ಸಾಲ ನೆರೆಯವನದ್ದು ಎಂಬ ಭಾವ. 2008ರಲ್ಲಿ ಕೇಂದ್ರ, 2018ರಲ್ಲಿ ರಾಜ್ಯ ಸಾಲಮನ್ನಾ ಮಾಡಿದಾಗ, ಹೊತ್ತಿಗೆ ಸರಿಯಾಗಿ ಕಟ್ಟಿದವನು ಕಟ್ಟೆಯ ಮೇಲೆ ನಗೆಪಾಟಲಿಗೆ ಈಡಾದ. ಬರದಲ್ಲಿ ಬೆಂದವನಿಗೆ ಮನ್ನಾ ಬೇಕಿತ್ತು, ಅದನ್ನು ನಿರಾಕರಿಸುವುದು ಕ್ರೌರ್ಯ. ಆದರೆ ಬೆಂದವನು ಯಾರು, ಬೆಚ್ಚಗಿದ್ದವನು ಯಾರು ಎಂದು ಬಿಡಿಸಿ ಹೇಳಬಲ್ಲ ಊರ ಕಣ್ಣನ್ನು ಯಾರೂ ಕೇಳಲಿಲ್ಲ. ದಿನಾಂಕದ ಗೆರೆ ಎಳೆದು, ಮಿತಿ ಬರೆದು, ಪಟ್ಟಿ ಅಂಟಿಸಿದರು.

ಈಗ ಆ ಕಣ್ಣಿನ ಬದಲು ಆಧಾರ್ ಇದೆ, ಪಹಣಿ ಮೊಬೈಲಿನಲ್ಲಿ ಸಿಗುತ್ತದೆ, ಸಿಬಿಲ್ ಅಂಕ ಇದೆ, ಮುದುಕರ ನೆನಪಿಗಿಂತ ಯಂತ್ರದ ನೆನಪು ಚೊಕ್ಕ ಎನ್ನುವವರಿಗೆ ಮೈಕ್ರೋಫೈನಾನ್ಸ್ ಕಡೆ ಬೆರಳು ತೋರಿಸಬೇಕು. ಆ ಕಂಪನಿಗಳ ಹತ್ತಿರ ಯಂತ್ರವೂ ಇತ್ತು, ಕಣಗಿನಹಾಳದ ಹಳೆಯ ಉಪಾಯವೂ ಇತ್ತು: ಹೆಂಗಸರ ಗುಂಪು ಮಾಡಿ, ಒಬ್ಬಳ ಕಂತಿಗೆ ಉಳಿದವರನ್ನು ಹೊಣೆ ಮಾಡುವುದು. ಆದರೂ ಸಾಲಗಾರರ ಮೇಲಿನ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನೆರೆಯವರ ಜಾಮೀನು ಎರಡೂ ಕಡೆ ಒಂದೇ. ವ್ಯತ್ಯಾಸ ಇರುವುದು ತೀರ್ಮಾನದ ಗದ್ದುಗೆಯಲ್ಲಿ. ಕಣಗಿನಹಾಳದಲ್ಲಿ ‘ಈ ಮನೆಗೆ ಈ ವರ್ಷ ಇಷ್ಟು ಸಾಲ ಜೀರ್ಣವಾಗದು, ಕೊಡಬೇಡಿ’ ಎಂದು ಹೇಳಿ, ಮುಂದೆ ಬೀದಿಯಲ್ಲಿ ಅದೇ ಮನೆಯವರ ಮುಖ ನೋಡಬೇಕಾದವರು ಕೂತಿದ್ದರು. ಇಲ್ಲಿ ತಿಂಗಳ ಗುರಿ ಮುಟ್ಟಿಸಬೇಕಾದ ಹುಡುಗ ಬೈಕಿನಲ್ಲಿ ಬಂದು ಹೋಗುತ್ತಾನೆ. ಯಂತ್ರ ಹಿಂದಿನ ಸಾಲದ ಲೆಕ್ಕ ಹೇಳುತ್ತದೆ. ಕೊಡಬಾರದ ಸಾಲವನ್ನು ಕೊಡದೇ ಇರುವ ಧೈರ್ಯ ಅದಕ್ಕೂ ಇಲ್ಲ, ಆ ಹುಡುಗನಿಗೂ ಇಲ್ಲ.

ಸಂಸ್ಥೆಯ ಗೊಡವೆಯೇ ಬೇಡ, ಒಬ್ಬನೇ ಮಾಡಿ ತೋರಿಸಬಹುದಲ್ಲ ಎಂಬುದು ನಮ್ಮ ಕಾಲಕ್ಕೆ ಹೆಚ್ಚು ಪ್ರಿಯವಾದ ಮಾತು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತ, ಬೆಟ್ಟದಲ್ಲಿ ಪ್ರಾಣಿಪಕ್ಷಿಗಳಿಗೆಂದು ಕಟ್ಟೆಗಳನ್ನು ತೋಡಿದರು. ಪ್ರಶಸ್ತಿಯ ದುಡ್ಡನ್ನೂ ಅದಕ್ಕೇ ಸುರಿದರು. 2020ರ ಜೂನ್‌ನಲ್ಲಿ ಪ್ರಧಾನಿ ಆಕಾಶವಾಣಿಯಲ್ಲಿ ಅವರ ಹೆಸರು ಹೇಳಿದಾಗ ಅವರಿಗೆ ಎಂಬತ್ತರ ಆಸುಪಾಸು. 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ದುಡಿಮೆಯ ಮುಂದೆ ತಲೆ ಬಾಗಲೇಬೇಕು. ಆದರೆ ಪತ್ರಿಕೆಗಳಿಗೆ, ಸರ್ಕಾರಗಳಿಗೆ ಇಂಥ ಒಂಟಿ ಮುದುಕರು ಅಷ್ಟು ಇಷ್ಟವಾಗುವುದೇಕೆ? ಅವರು ಯಾರನ್ನೂ ಲೆಕ್ಕ ಕೇಳುವುದಿಲ್ಲ. ಹಾರೆ ಹಿಡಿದ ಚಿತ್ರ ತೆಗೆದು, ಶಾಲು ಹೊದಿಸಿ, ಬಸ್ ಪಾಸ್ ಕೊಟ್ಟರೆ ಕೆಲಸ ಮುಗಿಯಿತು. ಹೂಳು ತುಂಬಿದ ಮೇಲೆ ಕಟ್ಟೆಯ ಹೂಳೆತ್ತುವುದು ಯಾರ ಜವಾಬ್ದಾರಿ ಎಂಬ ಪ್ರಶ್ನೆಗೆ ಶಾಲಿನಲ್ಲಿ ಉತ್ತರವಿಲ್ಲ. ಶಿದ್ದನಗೌಡರ ಕೆಲಸದಲ್ಲಿ ಚಿತ್ರ ತೆಗೆಯುವಂಥದ್ದು ಏನೂ ಇರಲಿಲ್ಲ. ಒಂದು ರೋಜು ಪುಸ್ತಕ, ಒಂದು ಠರಾವಿನ ಪುಸ್ತಕ, ಒಂದಿಷ್ಟು ಹೆಬ್ಬೆಟ್ಟಿನ ಗುರುತು. ಅವರು ಸತ್ತ ಮರುದಿನವೂ ಆ ಪುಸ್ತಕದಲ್ಲಿ ಬರೆಯಲು ಬರುತ್ತಿತ್ತು.

ಹೊಳಲು, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಈ ಒಣನೆಲದ ಪಟ್ಟಿಗೆ ಈ ಮಾತು ಬೇರೆಲ್ಲಕ್ಕಿಂತ ಹೆಚ್ಚು ತಾಗುತ್ತದೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುವ ಮನೆಗಳು ಇಲ್ಲಿ ಊರೂರಿಗೂ ಇವೆ. ಬಾಗಿಲಿಗೆ ಬೀಗ, ಇಲ್ಲವೇ ಕಟ್ಟೆಗೆ ಒಬ್ಬ ಅಜ್ಜ, ಒಬ್ಬ ಅಜ್ಜಿ, ಒಂದೆರಡು ಮೊಮ್ಮಕ್ಕಳು. ಊರು ನಡೆಸುವ ವಯಸ್ಸಿನವರು ಊರಿನಲ್ಲಿಲ್ಲದ ತಿಂಗಳುಗಳಲ್ಲಿ ಕೆರೆಯ ತೂಬು ಸೋರಿದ್ದು, ಕೋಡಿಯ ಕಲ್ಲು ಸರಿದದ್ದು, ನ್ಯಾಯಬೆಲೆ ಅಂಗಡಿಯ ತಕ್ಕಡಿ ವಾಲಿದ್ದು ಕಾಣುವುದು ಇವರ ಕಣ್ಣಿಗೆ. ನಮ್ಮ ಯೋಜನೆಗಳು ಮಾತ್ರ ಅವರನ್ನು ಕೈಚಾಚಿದವರನ್ನಾಗಿಯೇ ಕಾಣುತ್ತವೆ. ಅರವತ್ತೈದು ದಾಟಿದವರಿಗೆ ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ. ಅದು ಬೇಕು, ಇನ್ನೂ ಹೆಚ್ಚೇ ಬೇಕು. 2019ರಲ್ಲಿ ಬಂದ ಕೇಂದ್ರದ ಕಿಸಾನ್ ಮಾನಧನ್ ಪಿಂಚಣಿಗೆ ಹೆಸರು ಬರೆಸಲು ವಯಸ್ಸು ಹದಿನೆಂಟರಿಂದ ನಲವತ್ತು. ಆ ದಿನ ನಲವತ್ತೊಂದಾಗಿದ್ದ ರೈತನಿಗೆ ಅದರ ಬಾಗಿಲೇ ಇಲ್ಲ. ಪಡೆಯುವವರ ಪಟ್ಟಿಯಲ್ಲಿ ಹಿರಿಯರ ಹೆಸರಿದೆ, ಪರಿಶೀಲಿಸುವವರ ಪಟ್ಟಿಯಲ್ಲಿಲ್ಲ. ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆ, 2002ರಿಂದ ಜಲಸಂವರ್ಧನೆ ಯೋಜನೆಯಡಿ ಕಟ್ಟಿದ ಕೆರೆ ಬಳಕೆದಾರರ ಸಂಘಗಳು, ಸೊಸೈಟಿಯ ಸಾಲ ಮಂಜೂರಾತಿ, ಇವುಗಳಿಗೆಲ್ಲ ಬೇಕಾದದ್ದು ಹಿರಿಯರ ರುಜುವಿನ ಅಧಿಕಾರವಲ್ಲ. ಅದು ಕೊಟ್ಟರೆ ಹಳೆಯ ಗೌಡಿಕೆಯೇ ಹೊಸ ಅಂಗಿ ತೊಟ್ಟು ಬಂದೀತು. ಬೇಕಾದದ್ದು ಅವರ ಮಾತನ್ನು ಠರಾವಿನ ಪುಸ್ತಕದಲ್ಲಿ ಬರೆದುಕೊಳ್ಳುವ ಒಂದು ಕಡ್ಡಾಯ, ಅದರಲ್ಲಿ ಊರ ಹೊರಗಿನ ಕೇರಿಯ ಅಜ್ಜಿಯೂ ಸೇರುವಂತೆ. ಕಣಗಿನಹಾಳದ ಕಾಲದಲ್ಲಿ ಬಿಟ್ಟುಹೋದದ್ದು ಅದೇ.

ಇದಕ್ಕೆಲ್ಲ ಕಾಲ ಬಹಳ ಇಲ್ಲ. ಇಂದು ಕಟ್ಟೆಯ ಮೇಲೆ ಕೂತವರು ಮಧ್ಯೆ ಒಂದೆರಡು ವರ್ಷ ಬಿಟ್ಟರೆ ಬದುಕೆಲ್ಲ ಅದೇ ಊರಿನಲ್ಲಿ ಕಳೆದವರು. ಅವರ ಮಕ್ಕಳು ಹಾಗಲ್ಲ. ಇಂದು ಮೂವತ್ತರಲ್ಲಿರುವ ಗುಳೆಯ ಹುಡುಗ ಮೂವತ್ತು ವರ್ಷದ ನಂತರ ಮೈಯಲ್ಲಿ ಕಸುವು ಇಳಿದು, ಗಂಟುಮೂಟೆ ಕಟ್ಟಿ ಊರಿಗೆ ಮರಳುತ್ತಾನೆ. ಹೆಚ್ಚುಕಡಿಮೆ ಶಿದ್ದನಗೌಡರು ಸಂಘ ಕಟ್ಟಿದ ವಯಸ್ಸೇ ಆಗಿರುತ್ತದೆ ಅವನದೂ. ಬೆಂಗಳೂರಿನ ಯಾವ ಬಡಾವಣೆಯ ಕಟ್ಟಡಕ್ಕೆ ಎಷ್ಟು ಮೂಟೆ ಸಿಮೆಂಟು ಹೋಯಿತು ಎಂಬುದು ಅವನಿಗೆ ಬಾಯಿಪಾಠ. ಪಕ್ಕದ ಹೊಲದವನ ಎತ್ತು ಯಾವ ಬರದಲ್ಲಿ ಸತ್ತಿತು ಎಂದು ಕೇಳಿದರೆ, ಅವನು ಆ ವರ್ಷ ಊರಲ್ಲಿರಲಿಲ್ಲ.